ಸಾಲ ಮುಗಿಸಿಕೊಡುವ ಕಂಪನಿಗೆ ಸಹಿ ಹಾಕುವ ಮುನ್ನ

ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಪಗಾರ ಕೈಸೇರುವ ಮೊದಲೇ ಕಂತುಗಳಿಗೆ ಹಂಚಿಹೋಗುವ ಮನೆಗಳು ಬೆಳಗಾವಿಯಲ್ಲೂ ಖಾನಾಪುರದ ಹಳ್ಳಿಗಳಲ್ಲೂ ಇವೆ. ಸೊಸೈಟಿ ಸಾಲ, ಬೈಕಿನ ಕಂತು, ಅದರ ಮೇಲೆ ಮೊಬೈಲ್ ಆಪ್‌ನಲ್ಲಿ ತೆಗೆದದ್ದು. ಆಗ ಫೋನಿಗೆ ಜಾಹೀರಾತು ಬರುತ್ತದೆ: ಎಲ್ಲ ಸಾಲವನ್ನೂ ಅರ್ಧಕ್ಕೆ ಮುಗಿಸಿಕೊಡುತ್ತೇವೆ, ವಸೂಲಿಯವರ ಕಾಟ ತಪ್ಪಿಸುತ್ತೇವೆ. ಇವರಲ್ಲಿ ಯಾರು ಒಳ್ಳೆಯವರು ಎಂದು ನೀವು ಹುಡುಕತೊಡಗುತ್ತೀರಿ.

ಮೊದಲು ಕೇಳಬೇಕಾದದ್ದು, ಇಂಥವರಿಗೆ ಲೈಸೆನ್ಸ್ ಇದೆಯೇ ಎಂದು. ಬ್ರಿಟನ್ನಿನಲ್ಲಿ ಸಾಲಗಾರನಿಗೂ ಸಾಲ ಕೊಟ್ಟವರಿಗೂ ನಡುವೆ ಕಾನೂನುಬದ್ಧ ಒಪ್ಪಂದ ಮಾಡಿಸಲು ಲೈಸೆನ್ಸ್ ಇರುವ ತಜ್ಞರಿದ್ದಾರೆ. ನಮ್ಮ 2016ರ ದಿವಾಳಿ ಸಂಹಿತೆಯಲ್ಲೂ ವ್ಯಕ್ತಿಗಳಿಗೆಂದು ಅಂಥದೇ ಭಾಗವಿದೆ. ಆದರೆ 2019ರ ಡಿಸೆಂಬರ್ 1ರಿಂದ ಅದು ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಲೇತ್ ಮುಂದೆ ನಿಲ್ಲುವವರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಅದಕ್ಕೆ ಹೋಗಬೇಕಾದದ್ದು ಕೋರ್ಟಿಗೆ. ಸಾಲ ಇತ್ಯರ್ಥದ ಕಂಪನಿಗೆ ಆರ್‌ಬಿಐ ಲೈಸೆನ್ಸ್ ಎಂಬುದೇ ಇಲ್ಲ. ಅವರು ಮಾಡುವುದು ಶುಲ್ಕ ಪಡೆದು ನಿಮ್ಮ ಪರವಾಗಿ ಚೌಕಾಸಿ.

ಚೌಕಾಸಿ ತಪ್ಪಲ್ಲ. ನನಗೆ ಭಯವಿರುವುದು ಅವರಲ್ಲಿ ಕೆಲವರು ಹೇಳುವ ಮೊದಲ ಮಾತಿನ ಬಗ್ಗೆ: "ಕಂತು ಕಟ್ಟುವುದನ್ನು ನಿಲ್ಲಿಸಿ, ಆ ದುಡ್ಡು ನಮ್ಮಲ್ಲಿ ಕೂಡಿಡಿ." ಬಡ್ಡಿ, ದಂಡ ಬೆಳೆಯುತ್ತಲೇ ಇರುತ್ತವೆ. ಖಾತೆಯಲ್ಲಿ ಹಣವಿಲ್ಲದೆ ಆಟೋ ಡೆಬಿಟ್ ಬೌನ್ಸ್ ಆದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸೂ ಆಗಬಹುದು. ಸೊಸೈಟಿ ಸಾಲಕ್ಕೆ ನಿಮ್ಮ ಶಿಫ್ಟಿನವರೇ ಜಾಮೀನು ನಿಂತಿದ್ದರೆ ಕಡಿತ ಅವರ ಪಗಾರಕ್ಕೆ ಬೀಳಬಹುದು. ಕೊನೆಗೆ ಇತ್ಯರ್ಥವಾದರೂ ಸಿಬಿಲ್ ವರದಿಯಲ್ಲಿ 'ಸೆಟಲ್ಡ್', ಅಂದರೆ ಪೂರ್ತಿ ತೀರಿಸಿಲ್ಲ, ಎಂದು ದಾಖಲಾಗುತ್ತದೆ. ಇದನ್ನೆಲ್ಲ ಸಹಿಗೆ ಮುಂಚೆ ಬಾಯಿಬಿಟ್ಟು ಹೇಳದವರ ಕೈಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಹೇಳಿದರೂ ಮುಂಗಡ ಕೊಡಬೇಡಿ. ಇತ್ಯರ್ಥದ ಹಣ ನೇರ ಬ್ಯಾಂಕಿನ ಸಾಲದ ಖಾತೆಗೇ ಹೋಗಲಿ, ಅದೂ ಬ್ಯಾಂಕಿನ ಲಿಖಿತ ಪತ್ರ ಕೈಗೆ ಬಂದ ಮೇಲೆ.

ಅದಕ್ಕೂ ಮೊದಲು ಬ್ಯಾಂಕಿಗೆ ನೀವೇ ಅರ್ಜಿ ಬರೆಯಿರಿ. ರಾಜಿ ಇತ್ಯರ್ಥಕ್ಕೆ ಪ್ರತಿ ಬ್ಯಾಂಕೂ ಆಡಳಿತ ಮಂಡಳಿ ಒಪ್ಪಿದ ನೀತಿ ಇಟ್ಟುಕೊಳ್ಳಬೇಕೆಂದು ಆರ್‌ಬಿಐ 2023ರ ಜೂನ್ 8ರಂದೇ ಹೇಳಿದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿ ಏಜೆಂಟರು ಫೋನ್ ಮಾಡುವಂತಿಲ್ಲ; ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬಾರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ. ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ಬಾಗಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಉಚಿತ ನೆರವು ಪಡೆಯುವವರ ಪಟ್ಟಿಯಲ್ಲಿ ಹೆಂಗಸರ ಜೊತೆ ಕೈಗಾರಿಕಾ ಕಾರ್ಮಿಕರನ್ನೂ ಸೇರಿಸಿದೆ. ಎಂದರೆ ನಿಮ್ಮನ್ನೇ. ಪ್ರಾಧಿಕಾರ ನಡೆಸುವ ಲೋಕ ಅದಾಲತ್‌ನಲ್ಲಿ ಕೇಸು ಹಾಕುವ ಮುಂಚೆಯೂ ರಾಜಿಯಾಗಬಹುದು, ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲವಿದೆ. ಅದರ ಮೇಲೆ ಅಪೀಲಿಲ್ಲ. ಆದ್ದರಿಂದ ತಿಂಗಳಿಗೆ ನಿಜವಾಗಿ ಎಷ್ಟು ಕಟ್ಟಬಲ್ಲಿರಿ ಎಂದು ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ ಹೋಗಿ. ಪಗಾರ ಚೀಟಿ, ಸಾಲದ ಕಾಗದ, ಪಾಸ್‌ಬುಕ್ ಒಯ್ಯಿರಿ. ಜಾಮೀನು ನಿಂತವರನ್ನೂ ಕರೆದುಕೊಂಡು ಹೋಗಿ.