ಅಪರಕ್ರಿಯೆಯ ಪ್ರೊಫೆಸರರು

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಸಾಹಿತ್ಯ ವಿಭಾಗದಲ್ಲಿ, ಕುತ್ತಿಗೆ ಮುಚ್ಚುವ ಕಪ್ಪು ಸ್ವೆಟರ್ ತೊಟ್ಟು ಬಾಗಿಲು ಅರ್ಧ ತೆರೆದು ಕೂತವರು ಕಂಡರೆ ಅವರೇ ಥಿಯರಿ ಪ್ರೊಫೆಸರರು. ಅಪರಕ್ರಿಯೆ ಮಾಡಿಸುವ ಭಟ್ಟರ ಮನೆಯ ಒಲೆ ಊರಿನವರ ಸಾವಿನಿಂದ ತಾನೇ ಉರಿಯುವುದು? ಇವರ ಸಂಸಾರವೂ ಹಾಗೇ ನಡೆದಿದೆ.

1966ರಲ್ಲಿ ಫ್ರೆಂಚ್ ಚಿಂತಕ ಫೂಕೋ ಮನುಷ್ಯನೆಂಬ ಕಲ್ಪನೆಯೇ ಅಳಿಸಿಹೋದೀತು ಎಂದರು. ಅದರ ಮೇಲೆ ಇವರ ಪಿಎಚ್.ಡಿ. ಆಯಿತು. 1967ರಲ್ಲಿ ಫ್ರೆಂಚ್ ವಿಮರ್ಶಕ ಬಾರ್ತ್, ಬರಹದ ಅರ್ಥ ಬರೆದವನ ಮನಸ್ಸಿನಲ್ಲಿಲ್ಲ ಎಂದು ಲೇಖಕನ ಸಾವನ್ನು ಸಾರಿದರು. ಅದರ ಮೇಲೆ ನೌಕರಿ. 1979ರಲ್ಲಿ ಇನ್ನೊಬ್ಬ ಫ್ರೆಂಚ್ ಚಿಂತಕ ಲ್ಯೋತಾರ್, ಎಲ್ಲವನ್ನೂ ವಿವರಿಸುವ ಮಹಾಕಥನಗಳ ಮೇಲಿನ ನಂಬಿಕೆ ಹೋಯಿತೆಂದರು. ಅದರ ಮೇಲೆ ಬಡ್ತಿ. 2003ರಲ್ಲಿ ಟೆರಿ ಈಗಲ್ಟನ್ ‘ಆಫ್ಟರ್ ಥಿಯರಿ’ ಬರೆದು ಥಿಯರಿಯ ಸುವರ್ಣಯುಗವೇ ಮುಗಿಯಿತು ಅಂದಾಗ, ಬೇರೆಯವರು ಕಂಗಾಲಾದರು. ಇವರು ಅದಕ್ಕೂ ಒಂದು ವಿಚಾರಸಂಕಿರಣ ಏರ್ಪಡಿಸಿ, ಬಂದವರಿಗೆಲ್ಲ ಊಟ ಹಾಕಿಸಿ ಕಳಿಸಿದರು.

ಇವರ ನೌಕರಿಯ ಸಂದರ್ಶನ ನಡೆದದ್ದು ಆ ಕಾಲದ ಪದ್ಧತಿಯಂತೆ ಕ್ರಿಸ್‌ಮಸ್ ನಂತರದ ದಿನಗಳಲ್ಲಿ, ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ ಸಮ್ಮೇಳನದ ಹೋಟೆಲ್ ರೂಮಿನಲ್ಲಿ. ಕುರ್ಚಿಗಳಲ್ಲಿ ಹಿರಿಯರು, ಮಂಚದ ತುದಿಯಲ್ಲಿ ಇವರು. “ದೆರಿದಾ ಓದಿದ್ದೀರಾ?” ಎಂದು ಕೇಳಿದರು. “ಓದುವುದು ಅನ್ನುವುದು ಸಾಧ್ಯವೇ?” ಅಂದರು ಇವರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಸಿಕ್ಕಿತು.

1966ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಫ್ರೆಂಚ್ ತತ್ತ್ವಜ್ಞಾನಿ ದೆರಿದಾ ಮಾಡಿದ ಭಾಷಣವನ್ನು ಇವರು ಕಣ್ಣಾರೆ ಕಂಡವರಂತೆ ವರ್ಣಿಸುತ್ತಾರೆ. ಲೆಕ್ಕ ಹಾಕಿದರೆ ಆಗ ಇವರು ಮೂರನೇ ಕ್ಲಾಸು. ತರಗತಿಯಲ್ಲಿ ಯಾರಾದರೂ “ಕವಿ ಇಲ್ಲಿ ಏನು ಹೇಳುತ್ತಿದ್ದಾನೆ?” ಎಂದರೆ ಕನ್ನಡಕ ತೆಗೆದು, ಸ್ವೆಟರಿನ ಅಂಚಿನಲ್ಲಿ ಒರೆಸಿ, “ಯಾವ ಕವಿ?” ಅನ್ನುತ್ತಾರೆ. ಲೇಖಕ ಸತ್ತಿದ್ದಾನೆ, ಸರಿ. ಆದರೆ ಅಡಿಟಿಪ್ಪಣಿಯಲ್ಲಿ ಇವರ ಹೆಸರು ಬಿಟ್ಟ ವಿದ್ಯಾರ್ಥಿಗೆ ದರ್ಜೆ ಒಂದು ಮೆಟ್ಟಿಲು ಇಳಿದಿರುತ್ತದೆ.

2010ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿ ವಿಶ್ವವಿದ್ಯಾಲಯ ದುಡ್ಡಿಲ್ಲವೆಂದು ಫ್ರೆಂಚ್ ಪದವಿಯನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಕೆಲವು ವರ್ಷಕ್ಕೆ ಆ ಗಾಳಿ ಇವರ ವಿಭಾಗಕ್ಕೂ ಬೀಸಿತು. ಡೀನರ ಪತ್ರ ಬಂದದ್ದೇ ತಡ, ಪ್ರೊಫೆಸರರು ನೇಮಕಾತಿ ಆದೇಶ ಹುಡುಕಿ ತೆಗೆದು, ಕಾಯಂ ನೌಕರಿಯ ಷರತ್ತಿಗೆ ಕೆಂಪು ಗೆರೆ ಎಳೆದು, ವಕೀಲರ ಬಳಿ ಓಡಿದರು.

ವಕೀಲರು ಎರಡು ಸಲ ಓದಿ, “ಇದನ್ನು ಬೇರೆ ಥರವೂ ಅರ್ಥ ಮಾಡಬಹುದಲ್ಲ ಸರ್” ಎಂದರು.

ಪ್ರೊಫೆಸರರು ಮೇಜು ಕುಟ್ಟಿದರು: “ಬೇರೆ ಥರ ಅಂದರೇನ್ರೀ? ಬರೆದವರು ಇನ್ನೂ ಬದುಕಿದ್ದಾರೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ಹೋಗಿ ಅವರನ್ನೇ ಕೇಳಿ!”