ಪಂಚಮಿಗೆ ಊರಿಗೆ ಬರುವ ಗಾಲ್ಫ್ ಗೆಳೆಯರಿಗೆ

ಬೆಂಗಳೂರಿನಲ್ಲಿ ನೌಕರಿ, ವ್ಯಾಪಾರ ಮಾಡಿಕೊಂಡು ಶನಿವಾರ ಭಾನುವಾರ ಗಾಲ್ಫ್ ಆಡುವ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನನ್ನ ಗೆಳೆಯರೇ, ನಿಂಬರ್ಗಾದಿಂದ ಶರಣು.

ನೀವು ನಾಲ್ವರು ಸೇರಿದರೆ ಪಂದ್ಯ ಕಟ್ಟದೆ ಆಡುವುದಿಲ್ಲ ಎಂಬುದು ಊರಿಗೆ ಗೊತ್ತು. ಹಬ್ಬಕ್ಕೆ ಬಂದಾಗ ಕಟ್ಟೆಯ ಮೇಲೆ ಕುಳಿತು ನೀವೇ ಹೇಳಿದ ಮಾತು. ಮೊದಲ ಒಂಬತ್ತು ಕುಳಿಗೆ ಒಂದು ಪಣ, ಕೊನೆಯ ಒಂಬತ್ತಕ್ಕೆ ಒಂದು, ಒಟ್ಟು ಹದಿನೆಂಟಕ್ಕೆ ಇನ್ನೊಂದು. ನ್ಯೂಯಾರ್ಕ್ ಹತ್ತಿರದ ನಸ್ಸಾವ್ ಎಂಬ ಕ್ಲಬ್ಬಿನ ಹೆಸರು ಹೊತ್ತ ಈ ಲೆಕ್ಕ ಜಗತ್ತಿನ ಹಲವು ಗಾಲ್ಫ್ ಮೈದಾನಗಳಲ್ಲಿ ನಡೆಯುತ್ತದೆ. ಅದನ್ನು ತಪ್ಪೆನ್ನಲು ನಾನು ಬರೆಯುತ್ತಿಲ್ಲ. ನಿಮ್ಮ ಪಂದ್ಯಕ್ಕೆ ಒಂದು ಶಿಸ್ತಿದೆ. ಆ ಶಿಸ್ತು ಈಗ ನಿಮ್ಮ ಊರಿಗೆ ಬೇಕಾಗಿದೆ, ಅದನ್ನು ಕೇಳಲು ಬರೆಯುತ್ತಿದ್ದೇನೆ.

ನೀವು ಬಿಟ್ಟುಹೋದ ಆಟವನ್ನು ಮೊದಲು ನೆನಪಿಸುತ್ತೇನೆ. ಶ್ರಾವಣದ ನಾಗರ ಪಂಚಮಿ ನಮ್ಮ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ತವರಿನ ಹಬ್ಬ, ಜೋಕಾಲಿಯ ಹಬ್ಬ. ಗಂಡುಹುಡುಗರಿಗೆ ಪಂದ್ಯದ ಹಬ್ಬ. ಜೋಳದ ಚೀಲ ಹೊತ್ತು ಇಂತಿಷ್ಟು ದೂರ ನಡೆಯುವುದು, ಗುಂಡುಕಲ್ಲು ಎತ್ತುವುದು, ಕಣ್ಣು ಕಟ್ಟಿಕೊಂಡು ಗುರುತು ಮುಟ್ಟುವುದು, ಎಲ್ಲಕ್ಕೂ ಪಣ ಇರುತ್ತದೆ. ಇವೆಲ್ಲಕ್ಕಿಂತ ನನಗೆ ಪ್ರೀತಿಯದು ಲಿಂಬಿಹಣ್ಣು ಒಗೆಯುವ ಪಂದ್ಯ. ಅಗಸಿಯಿಂದ ಇಂಥ ಗುಡಿಯವರೆಗೆ, ಇಲ್ಲವೇ ಈ ಊರಿಂದ ಆ ಊರಿನವರೆಗೆ, ಇಷ್ಟು ಒಗೆತದಲ್ಲಿ ಮುಟ್ಟಿಸುತ್ತೇನೆ ಎಂದು ಒಬ್ಬ ಸವಾಲು ಹಾಕುತ್ತಾನೆ. ಆಗದು ಎಂದು ಇನ್ನೊಬ್ಬ ಎದುರು ನಿಲ್ಲುತ್ತಾನೆ. ಹಣ್ಣು ಎಲ್ಲಿ ನಿಂತಿತೋ ಅಲ್ಲಿಂದ ಮುಂದಿನ ಒಗೆತ. ಇಬ್ಬರ ಹಿಂದೆಯೂ ಗೆಳೆಯರ ದಂಡು ಎಣಿಸುತ್ತ, ಹುರಿದುಂಬಿಸುತ್ತ, ಜಗಳಾಡುತ್ತ ನಡೆಯುತ್ತದೆ. ತೋಳಿನ ಬಲ ಒಂದೇ ಸಾಲದು. ಮಳೆಗೆ ಹಸಿಯಾದ ಎರಿ ಮಣ್ಣಿನಲ್ಲಿ ಬಿದ್ದ ಹಣ್ಣು ಅಲ್ಲೇ ಹೂತು ನಿಲ್ಲುತ್ತದೆ, ಗಟ್ಟಿ ದಾರಿಯ ಮೇಲೆ ಬಿದ್ದದ್ದು ಪುಟಿದು ಉರುಳಿ ಇನ್ನಷ್ಟು ದೂರ ಹೋಗುತ್ತದೆ. ಗಾಳಿ ನೋಡಬೇಕು, ತಿರುವು ನೋಡಬೇಕು, ಪಕ್ಕದ ತೊಗರಿ ಹೊಲಕ್ಕೆ ಬೀಳದಂತೆ ಕಾಯಬೇಕು.

ಕಡಿಮೆ ಏಟಿನಲ್ಲಿ ಒಂದು ಗುರಿಯನ್ನು ನಡೆದು ಮುಟ್ಟುವುದು ಎಂದರೆ ಅದು ನಿಮ್ಮ ಗಾಲ್ಫ್ ಅಲ್ಲವೇ? ನಿಮ್ಮ ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಂ ಮೀರಬಾರದು. ಪಕ್ಕದ ಇಂಡಿ ತಾಲೂಕಿನ ಕಡೆಯಿಂದ ಬರುವ ಒಳ್ಳೆಯ ಲಿಂಬಿಹಣ್ಣನ್ನು ಅಂಗೈಯಲ್ಲಿ ಇಟ್ಟು ನೋಡಿ, ಅಳತೆಯಲ್ಲೂ ತೂಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಶುರುವಾಯಿತು, ಕೋಲ್ಕತ್ತದ್ದು ಅದಕ್ಕೂ ಹಳೆಯದು, 1829ರದು. ನಮ್ಮ ಪಂದ್ಯ ಎಂದು ಹುಟ್ಟಿತೆಂದು ಯಾರೂ ಬರೆದಿಡಲಿಲ್ಲ, ಅದಕ್ಕೆ ಕ್ಲಬ್ಬೂ ಇಲ್ಲ, ಸದಸ್ಯತ್ವದ ಶುಲ್ಕವೂ ಇಲ್ಲ. ನೀವು ಹದಿನೆಂಟು ಕುಳಿ ಸುತ್ತುವಾಗ ಪಡುವ ಸುಖದ ಬೇರು ನಿಮ್ಮ ಬಾಲ್ಯದ ದಾರಿಯಲ್ಲೇ ಇದೆ ಎಂದು ನಾನು ನಂಬುತ್ತೇನೆ.

ಈಗ ಶಿಸ್ತಿನ ಮಾತು. ಗಾಲ್ಫಿನ ನಿಯಮ ಬರೆಯುವ ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು ಹವ್ಯಾಸಿ ಆಟಗಾರರ ಪಣಕ್ಕೆ ಬಹುಕಾಲ ಒಂದು ನೀತಿ ಇಟ್ಟುಕೊಂಡಿದ್ದವು. ಆಡುವವರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ಪಣಕ್ಕೆ ಸೇರುವುದು ಬಿಡುವುದು ಅವರವರ ಇಷ್ಟ. ಆಡುವವರೇ ಹಣ ಹಾಕಬೇಕು, ಹೊರಗಿನವರ ಕಾಸು ಅದರಲ್ಲಿ ಇರಕೂಡದು. ಮೊತ್ತ ಅತಿಯಾಗಬಾರದು. ಮುಖ್ಯ ಉದ್ದೇಶ ಆಟದ ಸಂತೋಷವೇ ಆಗಿರಬೇಕು. ನಮ್ಮ ಪಂಚಮಿ ಪಂದ್ಯ ಈ ಎಲ್ಲವನ್ನೂ ಯಾರೂ ಹೇಳಿಕೊಡದೆ ಪಾಲಿಸಿಕೊಂಡು ಬಂತು. ಗೆದ್ದವನ ದುಡ್ಡು ಸಂಜೆಯೊಳಗೆ ಚಹಾ, ಭಜಿ, ಚುರುಮುರಿಯಾಗಿ ಸೋತವನ ಹೊಟ್ಟೆಗೂ ಸೇರುತ್ತಿತ್ತು. ಕಾಯ್ದೆಯ ಆಸರೆಯಂತೂ ಇರಲೇ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಕರಾರು ಅನೂರ್ಜಿತ, ಗೆದ್ದ ಪಣವನ್ನು ಯಾವ ಕೋರ್ಟೂ ವಸೂಲಿ ಮಾಡಿಕೊಡುವುದಿಲ್ಲ. ಎದುರಿಗಿದ್ದವನ ಮಾತೇ ಜಾಮೀನು. ಅದಕ್ಕೇ ಪಣ ಚಿಕ್ಕದಿರುತ್ತಿತ್ತು, ಮಾತು ದೊಡ್ಡದಿರುತ್ತಿತ್ತು.

ನಿಮ್ಮ ತಮ್ಮಂದಿರ ವಯಸ್ಸಿನ ಹುಡುಗರು ಈಗ ಲಿಂಬಿಹಣ್ಣು ಬಿಟ್ಟು ಮೊಬೈಲು ಹಿಡಿದಿದ್ದಾರೆ. ತಾವು ಒಂದು ಚೆಂಡನ್ನೂ ಎಸೆಯದ ಕ್ರಿಕೆಟ್ ಪಂದ್ಯಕ್ಕೆ, ಮುಖವೇ ನೋಡದ ಯಾರದೋ ಜೊತೆ ಪಣ ಕಟ್ಟುತ್ತಾರೆ. ಗೆಳೆಯರ ನಡುವೆ ಹಣ ಕೈ ಬದಲಾಯಿಸಿದರೂ ಅದು ಆ ಗುಂಪಿನಲ್ಲೇ ಉಳಿಯುತ್ತದೆ; ಈ ವಾರ ಸೋತವ ಮುಂದಿನ ವಾರ ಗೆಲ್ಲುತ್ತಾನೆ. ಮೊಬೈಲಿನ ಆಟದಲ್ಲಿ ನಡುವೆ ಕೂತವ ಪ್ರತಿ ಸುತ್ತಿನಲ್ಲೂ ತನ್ನ ಪಾಲು ಮುರಿದುಕೊಳ್ಳುತ್ತಾನೆ, ಆಡುವವರ ಒಟ್ಟು ಹಣ ಕರಗುತ್ತಲೇ ಹೋಗುತ್ತದೆ. ಇನ್ನೂ ದೊಡ್ಡ ನಷ್ಟ ಬೇರೆಯೇ ಇದೆ. ಎದುರಿಗೆ ಗೆಳೆಯನಿದ್ದರೆ ಸೋತವನ ಮುಖ ನೋಡಿ "ಸಾಕು ಬಿಡೋ ತಮ್ಮಾ, ನಡಿ ಮನಿಗಿ" ಎನ್ನುತ್ತಾನೆ. ಪರದೆ ಹಾಗೆ ಎನ್ನುವುದಿಲ್ಲ, ಇನ್ನೊಮ್ಮೆ ಹಾಕು ಎನ್ನುತ್ತದೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣವನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನು, ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯ್ದೆ ಮಾಡಿತು. ಒಳ್ಳೆಯದಾಯಿತು. ಆದರೆ ಇಪ್ಪತ್ತರ ಹುಡುಗನಿಗೆ ಸವಾಲು ಹಾಕುವ ಆಸೆ ಇದ್ದೇ ಇರುತ್ತದೆ, ಅದನ್ನು ಯಾವ ಕಾಯ್ದೆಯೂ ತೆಗೆಯಲಾರದು, ತೆಗೆಯಲೂಬಾರದು. ಆ ಆಸೆಗೆ ಬಯಲು ಬೇಕು, ಎದುರಾಳಿ ಬೇಕು.

ಇಲ್ಲಿ ನಿಮ್ಮ ನೆರವು ಬೇಕು. ನಿಮ್ಮ ಆಟದ ಹ್ಯಾಂಡಿಕ್ಯಾಪ್ ಪದ್ಧತಿ ನಾನು ಕಂಡ ಅತ್ಯಂತ ನ್ಯಾಯದ ಏರ್ಪಾಡುಗಳಲ್ಲೊಂದು. 2020ರಿಂದ ಜಗತ್ತಿಗೆಲ್ಲ ಒಂದೇ ಲೆಕ್ಕ: ಕಳೆದ ಇಪ್ಪತ್ತು ಸುತ್ತುಗಳಲ್ಲಿ ಅತ್ಯುತ್ತಮ ಎಂಟರ ಸರಾಸರಿ ತೆಗೆದು, ಅದರ ಆಧಾರದ ಮೇಲೆ ಕಡಿಮೆ ಬಲದವನಿಗೆ ಏಟು ಬಿಟ್ಟುಕೊಡುತ್ತೀರಿ. ಅರವತ್ತರ ಕಾಕಾ ಇಪ್ಪತ್ತೈದರ ಹುಡುಗನ ಎದುರು ಸಮನಾಗಿ ನಿಲ್ಲುತ್ತಾನೆ. ಊರಲ್ಲಿ ತೋಳು ಗಟ್ಟಿ ಇದ್ದ ಇಬ್ಬರು ಮೂವರೇ ಯಾವಾಗಲೂ ಗೆಲ್ಲುವುದರಿಂದ ಉಳಿದವರು ದೂರ ಸರಿದು ನಿಲ್ಲುತ್ತಾರೆ, ನಿಂತವರ ಕೈಗೆ ಮೊಬೈಲು ಬರುತ್ತದೆ. ಸಣಕಲು ಹುಡುಗನಿಗೆ ನಾಲ್ಕು ಒಗೆತ ಬಿಟ್ಟುಕೊಡುವುದು ಮರ್ಯಾದೆಗೇಡಲ್ಲ ಎಂದು ನೀವು ಹೇಳಿದರೆ ಅವರು ಕೇಳುತ್ತಾರೆ. ನಾನು ಹೇಳಿದರೆ ಕೇಳುವುದಿಲ್ಲ. ನಿಮ್ಮ ಕಾರು, ನಿಮ್ಮ ಬೂಟು, ನಿಮ್ಮ ಮಾತಿನ ಮೇಲೆ ಅವರ ಕಣ್ಣಿದೆ.

ಅದೇ ಕಾರಣಕ್ಕೆ ಒಂದು ಖಡಕ್ ಮಾತನ್ನೂ ಹೇಳುತ್ತೇನೆ. ಹಿಂದೆ ಬಿದ್ದವ ಅಲ್ಲಿಂದಲೇ ಹೊಸ ಪಣ ಹೂಡುವ 'ಪ್ರೆಸ್' ಎಂಬ ಪದ್ಧತಿ ನಿಮ್ಮಲ್ಲಿದೆ. ಸೋತದ್ದನ್ನು ಇಂದೇ, ಈಗಲೇ ತಿರುಗಿ ಗೆಲ್ಲಬೇಕೆಂಬ ಆತುರ ಅದರಲ್ಲಿದೆ, ಮೊಬೈಲು ನಮ್ಮ ಹುಡುಗರಿಂದ ಮಾಡಿಸುವುದೂ ಅದನ್ನೇ. ಕಟ್ಟೆಯ ಮೇಲೆ ಕುಳಿತು ಎಷ್ಟು ಸಾವಿರ ಗೆದ್ದೆ ಎಂದು ನೀವು ಹೇಳುವಾಗ ಹುಡುಗರು ಆಟವನ್ನು ಕೇಳಿಸಿಕೊಳ್ಳುವುದಿಲ್ಲ, ಮೊತ್ತವನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ. ಗಾಳಿಯ ಎದುರು ಚೆಂಡನ್ನು ಹೇಗೆ ಇಳಿಸಿದಿರಿ ಎಂಬುದನ್ನು ಹೇಳಿ, ದುಡ್ಡಿನ ಲೆಕ್ಕ ಬೆಂಗಳೂರಿನಲ್ಲೇ ಇರಲಿ.

ಈ ಪಂಚಮಿಗೆ ಎರಡು ದಿನ ರಜೆ ಹಾಕಿ ಬನ್ನಿ. ಗಾಲ್ಫ್ ಕೋಲು ತರಬೇಡಿ, ಅಂಕ ಬರೆಯುವ ಕಾರ್ಡು ಮತ್ತು ಪೆನ್ಸಿಲು ತನ್ನಿ. ಪಣ ತಲೆಗೆ ಹತ್ತು ರೂಪಾಯಿ, ಅದಕ್ಕಿಂತ ಮೇಲೆ ಹೋಗಕೂಡದು. ಒಗೆಯುವವರು ಮಾತ್ರ ಪಣ ಹಾಕಬೇಕು, ನೋಡುವವರಿಗೆ ಅವಕಾಶವಿಲ್ಲ. ಯಾರಿಗೆ ಎಷ್ಟು ಒಗೆತ ಬಿಟ್ಟುಕೊಡಬೇಕೆಂಬುದನ್ನು ಹಿಂದಿನ ದಿನ ಎಲ್ಲರ ಎದುರು ಬರೆದುಬಿಡೋಣ. ಬೇಕಂತಲೇ ಕೆಟ್ಟದಾಗಿ ಒಗೆದು ರಿಯಾಯಿತಿ ಗಿಟ್ಟಿಸಲು ನೋಡುವವನನ್ನು ಹಿಡಿಯುವುದು ನಿಮಗೆ ಗೊತ್ತು, ಆ ಕೆಲಸ ನಿಮ್ಮದು. ಲಿಂಬಿಹಣ್ಣು ನಾನು ತರುತ್ತೇನೆ.

ನಿಮ್ಮ ದಾರಿ ನೋಡುವ,
ನಿಂಬರ್ಗಾದ ಗೆಳೆಯ