ಚೆಂಡು ನುಂಗುವ ಮರಗಳು

ಗಾಲ್ಫ್ ಆಟಗಾರನನ್ನು ಹಣ್ಣುಗಾಯಿ ನೀರುಗಾಯಿ ಮಾಡುವುದಕ್ಕೆ ಮೈದಾನಗಳನ್ನು ರೂಪಿಸುವವರು ಸಾಮಾನ್ಯವಾಗಿ ನೀರನ್ನೂ ಮರಳನ್ನೂ ನೆಚ್ಚಿಕೊಂಡಿರುತ್ತಾರೆ. ಚೆಂಡು ಬೀಳುವಲ್ಲಿ ಒಂದು ಕೊಳ, ಕೊಳದಿಂದ ಪಾರಾದ ಚೆಂಡಿಗೆ ಬಂಕರ್ ಎಂಬ ಮರಳುಗುಂಡಿ, ಇಷ್ಟನ್ನು ಅಲ್ಲಲ್ಲಿ ಇರಿಸಿದರೆ ಅವರ ಕರ್ತವ್ಯ ಬಹುಮಟ್ಟಿಗೆ ಮುಗಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದ ನೈಋತ್ಯ ಅಂಚಿನಲ್ಲಿ, ಮರ್ಸೆಡ್ ಸರೋವರಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ ಇರುವ ಒಲಿಂಪಿಕ್ ಕ್ಲಬ್ಬಿನ ಲೇಕ್ ಕೋರ್ಸ್ ಈ ಎರಡರ ಹೆಚ್ಚಿನ ಹಂಗಿಲ್ಲದೆಯೇ ಭಯಂಕರವೆಂಬ ಕೀರ್ತಿ ಪಡೆದಿದೆ. ಹೆಸರಿನಲ್ಲಿ ಸರೋವರವಿದ್ದರೂ ಆಟದ ದಾರಿಯಲ್ಲಿ ಒಂದು ಕೊಳವೂ ಅಡ್ಡ ಬರುವುದಿಲ್ಲ. 2012ರಲ್ಲಿ ಅಮೆರಿಕದ ಓಪನ್ ಚಾಂಪಿಯನ್‌ಷಿಪ್ ಇಲ್ಲಿ ನಡೆದಾಗ ಫೇರ್‌ವೇ ಎನ್ನಿಸಿಕೊಳ್ಳುವ, ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ಹದಿನೆಂಟು ಪಟ್ಟಿಗಳ ಪೈಕಿ ಆರನೆಯದರಲ್ಲಿ ಮಾತ್ರ ಒಂದೇ ಒಂದು ಬಂಕರ್ ಇತ್ತು. ಉಳಿದ ಶಿಕ್ಷೆಗಳನ್ನು ಬಹುಮಟ್ಟಿಗೆ ಮರಗಳಿಗೂ ಇಳಿಜಾರಿಗೂ ವಹಿಸಲಾಗಿದ್ದು, ಈ ಇಬ್ಬರು ಅಧಿಕಾರಿಗಳು ಕರ್ತವ್ಯಲೋಪ ಎಸಗಿದ ದಾಖಲೆ ಇಲ್ಲ.

ಈ ಮರಗಳು ಅಲ್ಲಿನ ನೆಲದಲ್ಲಿ ತಾವಾಗಿ ಹುಟ್ಟಿದವಲ್ಲ ಎಂಬುದು ಗಮನಾರ್ಹ. 1860ರಲ್ಲಿ ವ್ಯಾಯಾಮಪ್ರಿಯರ ಸಂಘವಾಗಿ ಆರಂಭವಾದ ಈ ಕ್ಲಬ್ಬು 1918ರಲ್ಲಿ ಗಾಲ್ಫ್‌ಗೆ ಕೈಹಾಕಿ, 1924ರ ವೇಳೆಗೆ ವಿಲ್ಲಿ ವಾಟ್ಸನ್ ಮತ್ತು ಸ್ಯಾಮ್ ವೈಟಿಂಗ್ ಎಂಬುವರಿಂದ ಎರಡು ಮೈದಾನಗಳನ್ನು ಸಿದ್ಧಪಡಿಸಿಕೊಂಡಾಗ, ಅಲ್ಲಿದ್ದದ್ದು ಸಮುದ್ರದ ಗಾಳಿ ಹೊಡೆಯುತ್ತಿದ್ದ ಬೋಳು ಮರಳುದಿಬ್ಬಗಳು. ಆ ಬೋಳುತನವನ್ನು ಸಹಿಸಲಾರದೆ ಸೈಪ್ರೆಸ್, ಪೈನ್, ಕರ್ನಾಟಕದ ರೈತರಿಗೂ ಅರಣ್ಯ ಇಲಾಖೆಗೂ ಚಿರಪರಿಚಿತವಾದ ನೀಲಗಿರಿ, ಹೀಗೆ ಸಾವಿರಾರು ಸಸಿಗಳನ್ನು ನೆಡಲಾಯಿತು. ಸಸಿ ನೆಡುವವರಿಗೆ ಅದು ಮುಂದೆ ಮರವಾಗುತ್ತದೆ ಎಂಬ ಅರಿವು ಇದ್ದೇ ಇರುತ್ತದೆಯಾದರೂ, ಆ ಮರದ ಕೊಂಬೆ ತಮ್ಮದೇ ಚೆಂಡಿಗೆ ಅಡ್ಡ ಬರುತ್ತದೆ ಎಂಬುದು ಹೊಳೆಯಲು ಒಂದು ತಲೆಮಾರು ಹಿಡಿಯುತ್ತದೆ. ಹೀಗೆ ಗೊಬ್ಬರ, ನೀರು, ಸದಸ್ಯರ ಚಂದಾಹಣ ಎಲ್ಲವನ್ನೂ ಸುರಿದು ತಮ್ಮ ಶತ್ರುವನ್ನು ತಾವೇ ಸಾಕಿಕೊಂಡ ಉದಾಹರಣೆಗಳು ಕ್ರೀಡಾ ಇತಿಹಾಸದಲ್ಲಿ ವಿರಳ.

ಗೋಲಿಯಾಡಿ ಬೆಳೆದ ಕನ್ನಡಿಗರಿಗೆ ಗಾಲ್ಫಿನ ಮೂಲತತ್ತ್ವವನ್ನು ವಿವರಿಸುವ ಅಗತ್ಯವಿಲ್ಲ, ಏಕೆಂದರೆ ಎರಡರಲ್ಲಿಯೂ ಉರುಟಾದ ವಸ್ತುವನ್ನು ಗುಳಿಗೆ ಸೇರಿಸುವುದೇ ಗುರಿ. ವ್ಯತ್ಯಾಸವೆಂದರೆ ಇಲ್ಲಿ ಗುಳಿ ಮಾರುದೂರದಲ್ಲಿರದೆ ನಾಲ್ಕುನೂರು ಗಜಗಳಾಚೆ ಇರುತ್ತದೆ ಮತ್ತು ಗೆಲ್ಲುವವನು ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು. ಪ್ರತಿ ಗುಳಿಗೂ ನುರಿತ ಆಟಗಾರನಿಂದ ನಿರೀಕ್ಷಿಸಲಾಗುವ ಹೊಡೆತಗಳ ಸಂಖ್ಯೆಗೆ ಪಾರ್ ಎಂದೂ, ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ ಎಂದೂ ಹೆಸರು. ಲೇಕ್ ಕೋರ್ಸಿನ ಕುಯುಕ್ತಿ ಇರುವುದು ನೆಲದ ಓರೆಯಲ್ಲಿ: ದಾರಿ ಎಡಕ್ಕೆ ತಿರುಗುವಲ್ಲಿ ನೆಲ ಬಲಕ್ಕೆ ವಾಲುತ್ತದೆ, ದಾರಿ ಬಲಕ್ಕೆ ತಿರುಗುವಲ್ಲಿ ಎಡಕ್ಕೆ ವಾಲುತ್ತದೆ; ಆದ್ದರಿಂದ ಫೇರ್‌ವೇಯ ನಟ್ಟನಡುವೆ ಬಿದ್ದು ಮೆಚ್ಚುಗೆ ಗಳಿಸಿದ ಚೆಂಡು, ಆಟಗಾರ ತನ್ನ ಕೋಲನ್ನು ಚೀಲಕ್ಕೆ ಸೇರಿಸುವಷ್ಟರಲ್ಲಿ, ಸದ್ದಿಲ್ಲದೆ ಉರುಳಿ ರಫ್ ಎನ್ನಲಾಗುವ ದಟ್ಟ ಹುಲ್ಲನ್ನು ಸೇರಿರುತ್ತದೆ. ಇದರ ಮೇಲೆ ಸಾಗರದ ಕಡೆಯಿಂದ ಮಂಜು ಬಂದು ಕವಿದರೆ ತಣ್ಣನೆಯ ತೇವದ ಗಾಳಿಯಲ್ಲಿ ಹೊಡೆತದ ದೂರವೂ ಕುಗ್ಗುತ್ತದೆ.

ಮರವು ಚೆಂಡನ್ನು ನುಂಗುವ ವಿಷಯಕ್ಕೆ ನಿಯಮಗಳ ಪುಸ್ತಕದಲ್ಲಿಯೇ ಸ್ಥಾನವಿದೆ. ನಿಗದಿತ ಅವಧಿಯೊಳಗೆ, ಅಂದರೆ 2018ರವರೆಗೆ ಐದು ನಿಮಿಷ ಮತ್ತು ಆನಂತರ ಮೂರು ನಿಮಿಷದೊಳಗೆ, ಆಟಗಾರ ತನ್ನ ಚೆಂಡನ್ನು ಕಂಡು ಅದು ತನ್ನದೇ ಎಂದು ಗುರುತಿಸದಿದ್ದರೆ ಆ ಚೆಂಡು ಕಳೆದುಹೋಯಿತೆಂದು ಪರಿಗಣಿಸಿ, ಒಂದು ಹೊಡೆತದ ದಂಡ ತೆತ್ತು, ಮೊದಲು ಹೊಡೆದ ಸ್ಥಳಕ್ಕೇ ಮರಳಬೇಕು. ಈ ಮೈದಾನದ ಐದನೆಯ ಗುಳಿಯ ಬಳಿಯ ಸೈಪ್ರೆಸ್ ಮರಗಳು ಈ ನಿಯಮವನ್ನು ಬಹಳ ಶ್ರದ್ಧೆಯಿಂದ ಜಾರಿಗೊಳಿಸುತ್ತ ಬಂದಿದ್ದರೂ ಅವುಗಳಲ್ಲಿ ಪಕ್ಷಪಾತವಿಲ್ಲ ಎನ್ನಲಾಗದು. 1998ರ ಓಪನ್‌ನ ಕೊನೆಯ ದಿನ ಲೀ ಜ್ಯಾನ್‌ಜನ್ ಹೊಡೆದ ಚೆಂಡು ಮರದಲ್ಲಿ ಸಿಕ್ಕಿಕೊಂಡು, ಆತ ಕೈಚೆಲ್ಲಿ ಹಿಂದಕ್ಕೆ ಹೊರಟಿದ್ದಾಗ, ಗಾಳಿ ಬೀಸಿ ಚೆಂಡು ತಾನಾಗಿ ಕೆಳಗೆ ಬಿತ್ತು. ಆತ ಅಲ್ಲಿಂದ ಹೇಗೋ ಹೊರಬಂದು, ಗ್ರೀನ್ ಎಂಬ ನುಣುಪಾದ ಅಂಗಳದ ಹೊರಗಿನಿಂದಲೇ ಚೆಂಡನ್ನು ಗುಳಿಗೆ ಸೇರಿಸಿ ಪಾರ್ ಉಳಿಸಿಕೊಂಡದ್ದಲ್ಲದೆ, ಐದು ಹೊಡೆತಗಳ ಹಿನ್ನಡೆಯಿಂದ ಮೇಲೆದ್ದು ಪೇನ್ ಸ್ಟೂವರ್ಟ್‌ನನ್ನು ಒಂದು ಹೊಡೆತದಿಂದ ಸೋಲಿಸಿದ. 2012ರಲ್ಲಿ ಅದೇ ಐದನೆಯ ಗುಳಿಯಲ್ಲಿ, ಅದೇ ಕೊನೆಯ ದಿನ, ಇಂಗ್ಲೆಂಡಿನ ಲೀ ವೆಸ್ಟ್‌ವುಡ್‌ನ ಚೆಂಡನ್ನು ಮರ ಹಿಡಿದಿಟ್ಟುಕೊಂಡಿತು. ದುರ್ಬೀನು ತರಿಸಿ ಕೊಂಬೆಕೊಂಬೆಯನ್ನು ಶೋಧಿಸಿದರೂ ಚೆಂಡು ಸಿಗಲಿಲ್ಲ, ಪಾರ್‌ಗಿಂತ ಎರಡು ಹೊಡೆತ ಹೆಚ್ಚಾಗಿ ಪ್ರಶಸ್ತಿಯ ಆಸೆಯೂ ಅದೇ ಮರದ ಬುಡದಲ್ಲಿ ಉಳಿಯಿತು. ಇಬ್ಬರ ಹೆಸರೂ ಲೀ ಆಗಿರುವುದರಿಂದ ಮರಕ್ಕೆ ಹೆಸರಿನ ಗೊಂದಲವಾಯಿತೆಂದು ಭಾವಿಸುವುದು ಹೆಚ್ಚು ಸಮಾಧಾನಕರ.

ಮರಗಳಷ್ಟೇ ಅಲ್ಲ, ಇಡೀ ಮೈದಾನದ ಒಲವೇ ದುರ್ಬಲರ ಕಡೆಗಿರುವುದಕ್ಕೆ 1955ರ ಪ್ರಕರಣ ಅತ್ಯುತ್ತಮ ಸಾಕ್ಷಿ. ಐದನೆಯ ಓಪನ್ ಪ್ರಶಸ್ತಿಯ ಹಂಬಲದಲ್ಲಿದ್ದ 42 ವರ್ಷದ ಬೆನ್ ಹೋಗನ್ ಆಟ ಮುಗಿಸಿ ಮುಂಚೂಣಿಯಲ್ಲಿದ್ದಾಗ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರ ಆತುರದಿಂದ ದೂರದರ್ಶನ ಪ್ರಸಾರಕರು ಅವನೇ ಗೆದ್ದನೆಂದು ಸಾರಿ ಪ್ರಸಾರವನ್ನೇ ಮುಗಿಸಿಬಿಟ್ಟರು. ಅತ್ತ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನ ಪುರಸಭೆಯ ಗಾಲ್ಫ್ ಮೈದಾನದಲ್ಲಿ ಕೆಲಸ ಮಾಡುತ್ತಿದ್ದ, ಬಹುತೇಕ ಯಾರಿಗೂ ಗೊತ್ತಿಲ್ಲದ ಜ್ಯಾಕ್ ಫ್ಲೆಕ್ ಇನ್ನೂ ಆಡುತ್ತಲೇ ಇದ್ದು, ಕೊನೆಯ ಗುಳಿಯಲ್ಲಿ ಬರ್ಡಿ ಗಳಿಸಿ ಸಮಬಲ ಸಾಧಿಸಿದ. ಮರುದಿನದ ನಿರ್ಣಾಯಕ ಆಟದ ಹದಿನೆಂಟನೆಯ ಗುಳಿಯಲ್ಲಿ ಹೋಗನ್‌ನ ಚೆಂಡು ದಟ್ಟವಾದ ಹುಲ್ಲಿಗೆ ಬಿದ್ದು, ಅದನ್ನು ಹೊರತರುವುದಕ್ಕೇ ಮೂರು ಹೊಡೆತ ಬೇಕಾದವು. ಫ್ಲೆಕ್ 69, ಹೋಗನ್ 72. ಫ್ಲೆಕ್ ಬಳಸುತ್ತಿದ್ದ ಕೋಲುಗಳು ಹೋಗನ್‌ನ ಸ್ವಂತ ಕಂಪನಿ ತಯಾರಿಸಿದವು ಎಂಬುದರಿಂದ, ಗುರುವಿಗೆ ತಿರುಮಂತ್ರ ಹೇಳುವ ವಿದ್ಯೆಗೆ ಬೇಕಾದ ಸಲಕರಣೆಯನ್ನು ಗುರುವೇ ಮಾರಿದಂತಾಯಿತು.

1966ರಲ್ಲಿ ಆರ್ನಾಲ್ಡ್ ಪಾಮರ್ ಒಂಬತ್ತು ಗುಳಿಗಳು ಬಾಕಿಯಿರುವಾಗ ಬಿಲ್ಲಿ ಕ್ಯಾಸ್ಪರ್‌ಗಿಂತ ಏಳು ಹೊಡೆತ ಮುಂದಿದ್ದ. ಗೆಲುವು ಖಚಿತವಾಯಿತೆಂದುಕೊಂಡು ಹೋಗನ್ 1948ರಲ್ಲಿ ಮಾಡಿದ್ದ ಕನಿಷ್ಠ ಹೊಡೆತಗಳ ದಾಖಲೆ ಮುರಿಯುವ ಲೆಕ್ಕದಲ್ಲಿ ತೊಡಗಿದ ಪರಿಣಾಮ, ಕೈಗೆ ಬಂದ ತುತ್ತು ಬಾಯಿಗೆ ಬಾರದೆ, ಸಮಬಲವಾಗಿ, ಮರುದಿನ 73ಕ್ಕೆ 69ರಂತೆ ಸೋತ. 1987ರಲ್ಲಿ ಟಾಮ್ ವಾಟ್ಸನ್‌ನನ್ನು ಸ್ಕಾಟ್ ಸಿಂಪ್ಸನ್ ಒಂದು ಹೊಡೆತದಿಂದ ಹಿಂದಿಕ್ಕಿದ. 2012ರಲ್ಲಿ ಗೆದ್ದ ವೆಬ್ ಸಿಂಪ್ಸನ್‌ನ ನಾಲ್ಕು ದಿನಗಳ ಮೊತ್ತವೇ ಪಾರ್‌ಗಿಂತ ಒಂದು ಹೆಚ್ಚು. ಬಹುಮಾನ ವಿತರಣೆಯ ನೇರಪ್ರಸಾರದ ನಡುವೆ ವಿಚಿತ್ರ ಟೋಪಿಯ ಒಬ್ಬಾತ ನುಗ್ಗಿ ಹಕ್ಕಿಯಂತೆ ಕೂಗಿದ್ದನ್ನು ಮರಗಳ ಕಡೆಯ ಅಧಿಕೃತ ಹೇಳಿಕೆಯೆಂದೇ ಸ್ವೀಕರಿಸಬಹುದು. 2021ರ ಮಹಿಳಾ ಓಪನ್‌ನಲ್ಲಿ ಐದು ಹೊಡೆತ ಮುಂದಿದ್ದ ಲೆಕ್ಸಿ ಥಾಮ್ಸನ್ ಎಡವಿ, 19 ವರ್ಷದ ಯೂಕಾ ಸಾಸೊ ಗೆದ್ದಳು. ಈ ಆರೂ ಸಲ ಮೂರನೆಯ ಸುತ್ತಿನ ಕೊನೆಗೆ ಮುಂಚೂಣಿಯಲ್ಲಿದ್ದವರು ಕಡೆಗೆ ಗೆಲ್ಲಲಿಲ್ಲವಾದ್ದರಿಂದ, ಇಲ್ಲಿ ಶನಿವಾರ ರಾತ್ರಿ ಮುನ್ನಡೆಯಲ್ಲಿ ಮಲಗುವವನಿಗೆ ನಿದ್ರೆ ಬರುವುದು ಮೈದಾನದ ಚರಿತ್ರೆ ಓದದಿದ್ದರೆ ಮಾತ್ರ.

ಚಾಂಪಿಯನ್ನರೇ ಹೀಗಾದ ಮೇಲೆ ಸಾಮಾನ್ಯ ಆಟಗಾರನ ಗತಿಯನ್ನು ಬಣ್ಣಿಸುವುದು ಕರುಣೆಯಿಲ್ಲದ ಕೆಲಸ. ಅವನಿಗೆ ಇಲ್ಲಿ ನಿಶ್ಚಿತವಾಗಿ ದಕ್ಕುವುದು ಬರ್ಗರ್ ಡಾಗ್ ಎಂಬ, ಉದ್ದನೆಯ ಬನ್ನಿಗೆ ಒಗ್ಗುವಂತೆ ಮಾಂಸದ ಬಿಲ್ಲೆಯನ್ನೂ ಉದ್ದವಾಗಿ ತಟ್ಟಿ ಮಾಡುವ ಕ್ಲಬ್ಬಿನ ಪ್ರಸಿದ್ಧ ತಿಂಡಿ. ಸಸ್ಯಾಹಾರಿಗೆ ಅದೂ ಇಲ್ಲ. ಇದು ಖಾಸಗಿ ಕ್ಲಬ್ಬಾದ್ದರಿಂದ ಸದಸ್ಯರ ಕೃಪೆಯಿಲ್ಲದೆ ಇಲ್ಲಿ ಚೆಂಡು ಕಳೆದುಕೊಳ್ಳುವ ಅವಕಾಶವೂ ಸಿಗುವುದಿಲ್ಲ. ಆದರೆ ಆ ಸೀಮೆಯಲ್ಲಿ ನೆಲೆಸಿರುವ ಕನ್ನಡಿಗರಾಗಲಿ, ಮಕ್ಕಳ ಮನೆಗೆಂದು ಹೋದ ತಂದೆತಾಯಿಯರಾಗಲಿ ನಿರಾಶರಾಗಬೇಕಿಲ್ಲ: ಅದೇ ಸರೋವರದ ಎದುರು ದಡದಲ್ಲಿ, ಅದೇ ವಾಟ್ಸನ್ ಮತ್ತು ವೈಟಿಂಗ್ ರೂಪಿಸಿದ, 1925ರಲ್ಲಿ ಆರಂಭವಾದ, 2020ರ ಪಿಜಿಎ ಚಾಂಪಿಯನ್‌ಷಿಪ್ ನಡೆದ ಹಾರ್ಡಿಂಗ್ ಪಾರ್ಕ್ ಎಂಬ ನಗರಾಡಳಿತದ ಮೈದಾನ ಹಣ ಕೊಟ್ಟವರಿಗೆಲ್ಲ ತೆರೆದಿದೆ. ಅಲ್ಲಿಯೂ ಸೈಪ್ರೆಸ್ ಮರಗಳಿವೆ. ಹೋಗುವವರು ಚೆಂಡುಗಳನ್ನು ಧಾರಾಳವಾಗಿ ಒಯ್ಯುವುದು ಒಳ್ಳೆಯದು.